ಪಿಂಗಾಣಿ ಅಕ್ಕನ ಹುಳ ತಿಂದ ಎಲೆಗಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮನೆ ಹಿಂದಿನ ತಗಡಿನ ಶೆಡ್ಡಿನಲ್ಲಿ ಪಿಂಗಾಣಿ ಅಕ್ಕ ಕರೆಂಟ್ ಭಟ್ಟಿಯ ಬಾಗಿಲಿಗೆ ಅಂಗೈ ಒತ್ತಿ, ಮತ್ತೆ ಸ್ಟೂಲಿನ ಮೇಲೆ ಕೂರುತ್ತಾರೆ. "ಇನ್ನೂ ಬಿಸಿ ಇದೆ. ಈಗ ತೆಗೆದ್ರೆ ತಣ್ಣಗಿನ ಗಾಳಿ ತಾಗಿ ಬಿರುಕು ಬಿಡುತ್ತೆ. ಕಾಯ್ಬೇಕು."

ಒಳಗಿರುವುದು ಬಿಳಿ ಪಿಂಗಾಣಿಯ ಒಂದು ಬಳ್ಳಿ. ಸುರುಳಿ ಸುತ್ತಿದ ಕುಡಿ, ಬಾಡಿದ ಹೂ, ಹುಳ ತಿಂದು ತೂತಾದ ಎಲೆಗಳು. ದೀಪಕ್ಕೆ ಹಿಡಿದರೆ ಹಿಂದಿನ ಬೆರಳು ಕಾಣುವಷ್ಟು ತೆಳು. ಹತ್ತು ಎಲೆ ಸುಟ್ಟರೆ ಆರೋ ಏಳೋ ಉಳಿಯುತ್ತವೆ.

ಅಕ್ಕ ಮೊದಲು ಕಾರ್ಖಾನೆಯಲ್ಲಿ ಟೀ ಕಪ್ಪಿಗೆ ಹಿಡಿ ಅಂಟಿಸುತ್ತಿದ್ದವರು. ಉಳಿದ ಮಣ್ಣಿನಲ್ಲಿ ಎಲೆ ಮಾಡುತ್ತಾ ಕೈ ಪಳಗಿತು. ಇಪ್ಪತ್ತು ವರ್ಷಗಳಿಂದ ಇವರ ಹೂಬಳ್ಳಿಗಳು ಮಾರಾಟವಾಗುತ್ತಿವೆ, ಅಂಗಡಿಯ ಮುದ್ರೆ ಹೊತ್ತುಕೊಂಡು. "ಅಂಗಡಿಯವರಿಗೆ ಎಲೆ ಅಂದ್ರೆ ಇಸ್ತ್ರಿ ಮಾಡಿದ ಹಾಗಿರ್ಬೇಕು. ಅಂಥ ಎಲೆನ ನಾನಂತೂ ಯಾವ ಗಿಡದಲ್ಲೂ ನೋಡಿಲ್ಲ."

ಈ ಬಳ್ಳಿಯ ತಳದಲ್ಲಿ ಮಾತ್ರ ಮೊದಲ ಬಾರಿಗೆ ತಮ್ಮ ಹೆಸರು ಕೊರೆದಿದ್ದಾರೆ. ಇದನ್ನು ಪ್ರದರ್ಶನಕ್ಕೆ ಒಯ್ಯಲು ಇವತ್ತೇ ವ್ಯಾನ್ ಬರುತ್ತದೆ. ಇನ್ನೊಂದು ಮಾಡಲು ಸಮಯವಿಲ್ಲ.

ಆದರೆ ನಿನ್ನೆ ಊಟಕ್ಕೆ ಕೂತಾಗ ಅಕ್ಕನ ಅತ್ತೆ ಸಮಾಧಾನವಾಗಿ ಒಂದು ಮಾತು ಹೇಳಿದ್ದಾರೆ. ಬಳ್ಳಿಯನ್ನು ಭಟ್ಟಿಯೊಳಗಿಟ್ಟು ಸೊಸೆ ಫ್ಯೂಸ್ ತರಲು ಹೋಗಿದ್ದಾಗ, ಮುಂದಿನ ಮೂರು ಎಲೆಗಳ ತೂತುಗಳನ್ನು ಹಸಿ ಮಣ್ಣು ಮೆತ್ತಿ ಮುಚ್ಚಿಬಿಟ್ಟಿದ್ದಾರಂತೆ. "ಅಷ್ಟು ಕಷ್ಟಪಟ್ಟಿದೀಯ, ತೂತು ಬಿದ್ದಿದ್ದನ್ನ ಹೇಗೆ ಕೊಡ್ತೀಯ ಅಂತ ನಾನೇ ಸರಿ ಮಾಡ್ದೆ ಕಣೆ." ಮರಳಿ ಬಂದ ಸೊಸೆ ಒಳಗೆ ಇಣುಕದೆ ಬಾಗಿಲು ಹಾಕಿ ಸ್ವಿಚ್ ಒತ್ತಿದ್ದರು. ಅತ್ತೆ ಹೇಳುವ ಹೊತ್ತಿಗೆ ಭಟ್ಟಿ ಕೆಂಪಗೆ ಕಾದಿತ್ತು.

"ಒಣಗಿದ ಮಣ್ಣಿಗೆ ಹಸಿ ಮಣ್ಣು ಹಚ್ಚಿದ್ರೆ, ಅದು ಕುಗ್ಗೋವಾಗ ಎಲೆನೂ ಎಳ್ಕೊಂಡು ಹರಿಯುತ್ತೆ" ಎನ್ನುತ್ತಾರೆ ಅಕ್ಕ. ಬೈದಿರಾ ಎಂದರೆ ಇಲ್ಲವೆಂದು ತಲೆಯಾಡಿಸುತ್ತಾರೆ. "ಏನಂತ ಬೈಯ್ಲಿ? ಪ್ರೀತಿಯಿಂದ ಮಾಡಿದಾರೆ. ಬಿಸಿ ತುಪ್ಪ, ನುಂಗೋಕೂ ಆಗಲ್ಲ, ಉಗುಳೋಕೂ ಆಗಲ್ಲ. ಊಟ ಬಿಟ್ಟು ಎದ್ದೆ, ಅಷ್ಟೇ."

ಅತ್ತೆ ಶೆಡ್ಡಿನ ಹೊಸ್ತಿಲಾಚೆಯೇ ನಿಂತಿದ್ದಾರೆ. ಒಳಗೆ ಬರುವ ಧೈರ್ಯವಿಲ್ಲ, ಹೋಗಲು ಮನಸ್ಸಿಲ್ಲ.

ಕೊನೆಗೂ ಬಾಗಿಲು ತೆರೆಯುತ್ತದೆ. ಮೆತ್ತಿದ ಮಣ್ಣೆಲ್ಲ ಉದುರಿ ಬಿದ್ದಿದೆ. ಎರಡು ಎಲೆಗಳ ತೂತುಗಳು ಇದ್ದ ಹಾಗೇ ಇವೆ. ಮೂರನೆಯದು ಅಂಚಿನಿಂದ ನಡುವಿನ ನರದವರೆಗೆ ಸೀಳಿದೆ. ಅಕ್ಕ ಸೀಳಿನ ಅಂಚಿಗೆ ಬೆರಳು ತಾಗಿಸಿ ನೋಡುತ್ತಾರೆ. ಆಮೇಲೆ ಉಪ್ಪುಕಾಗದ ತೆಗೆದುಕೊಂಡು ಸೀಳಿನ ಚೂಪನ್ನು ಮೆಲ್ಲಗೆ ಉಜ್ಜತೊಡಗುತ್ತಾರೆ. "ಕಳಿಸ್ತೀನಿ. ಗಿಡದಲ್ಲೂ ಎಲೆ ಹರಿಯುತ್ತಲ್ಲ."

ವ್ಯಾನ್ ಬರುತ್ತದೆ. ಪೆಟ್ಟಿಗೆಗೆ ಹತ್ತಿ ತುಂಬುವ ಮೊದಲು ಚಾಲಕ ಬಳ್ಳಿಯನ್ನು ಒಮ್ಮೆ ದಿಟ್ಟಿಸುತ್ತಾನೆ. "ಇದು ಒಡೆದಿದೆಯಲ್ಲಮ್ಮ. ಆಮೇಲೆ ನನ್ನ ತಲೆಗೆ ಕಟ್ಬೇಡಿ."

ಅಕ್ಕ ಬಾಯಿ ತೆರೆಯುವ ಮುನ್ನ ಅತ್ತೆ ಮುಂದೆ ಬರುತ್ತಾರೆ.

"ಒಡೆದಿದ್ದಲ್ಲಪ್ಪ. ತೂತೆಲ್ಲಾ ನನ್ನ ಸೊಸೆ ಬೇಕಂತಲೇ ಮಾಡಿದ್ದು, ಕೆಳಗೆ ಅವಳ ಹೆಸರಿದೆ ನೋಡು. ಆ ಹರಿದ ಎಲೆ ಒಂದು ಮಾತ್ರ ನನ್ನ ಕೆಲಸ."