ಹದಿನಾಲ್ಕನೇ ಶೀಶೆಯ ಲವಣ

ಸಿದ್ದಮಲ್ಲಪ್ಪನವರ ಮನೆಯೊಳಗೆ ಮೊಟ್ಟೆ ಎಂಬ ಪದಾರ್ಥ ಕಾಲಿಟ್ಟದ್ದಿಲ್ಲ. ಅದರ ವಾಸನೆ ಮಾತ್ರ ಇಪ್ಪತ್ತೇಳು ವರ್ಷ ಅವರ ಅಂಗಿ ಹಿಡಿದುಕೊಂಡು ದಿನವೂ ಬರುತ್ತಿತ್ತು. ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಅವರು ಅಟೆಂಡರು. ಲವಣ ಪರೀಕ್ಷೆಗೆಂದು ಅಲ್ಲಿ ಬಿಡುವ ಅನಿಲಕ್ಕೆ ಕೊಳೆತ ಮೊಟ್ಟೆಯ ನಾತ. ಸಂಜೆ ಕೃಷ್ಣಮೂರ್ತಿಪುರಂನ ಮನೆಯ ಹೊಸ್ತಿಲಿಗೆ ಬಂದರೆ ಹೆಂಡತಿ ದಾಕ್ಷಾಯಣಮ್ಮ ಬಚ್ಚಲ ಕಡೆ ಕೈ ತೋರಿಸುತ್ತಿದ್ದರು.

"ಮೊದ್ಲು ನೀರು ಹಾಕ್ಕೊಳಿ. ಈ ವಾಸ್ನೇಲಿ ಪೂಜೆಗೆ ಕೂತ್ರೆ ಶಿವನೇ ಎದ್ದು ಹೋಗ್ತಾನೆ."

"ವಿಷ ಕುಡಿದೋನು ಕಣೇ ಅವನು. ಇದಕ್ಕೆಲ್ಲ ಹೆದರ್ತಾನಾ."

ಲ್ಯಾಬಿನ ಮೇಷ್ಟ್ರು ರುದ್ರಸ್ವಾಮಿಗಳಿಗೆ ಕೆಮಿಸ್ಟ್ರಿಗಿಂತ ಅದರಿಂದ ಹಿಂಡಿ ತೆಗೆಯುವ ಬಾಳಿನ ಪಾಠದ ಮೇಲೆ ಒಲವು ಜಾಸ್ತಿ. "ಕೆಟಲಿಸ್ಟ್ ಥರ ಬದುಕ್ಬೇಕು. ಎಲ್ಲರ ಕೆಲಸ ನಡೆಸ್ಕೊಡುತ್ತೆ, ತಾನು ಮಾತ್ರ ಬದಲಾಗಲ್ಲ," ಎಂದು ಪ್ರತಿ ಜುಲೈನಲ್ಲೂ ಹೇಳುತ್ತಿದ್ದರು. ಹಿಂದೆ ತೊಟ್ಟಿಯ ಬಳಿ ಪ್ರನಾಳ ತೊಳೆಯುತ್ತ ನಿಂತ ಸಿದ್ದಮಲ್ಲಪ್ಪ ತಮ್ಮ ಕೈ ನೋಡಿಕೊಳ್ಳುತ್ತಿದ್ದರು. ಆಮ್ಲಕ್ಕೆ ಬೆರಳ ತುದಿಗಳು ಹಳದಿಯಾಗಿದ್ದವು, ಉಗುರು ಸೀಳಿತ್ತು, ಮಂಡಿ ಎರಡೂ ಹೋಗಿದ್ದವು. ಬದಲಾಗದೆ ಉಳಿದದ್ದು ಹುದ್ದೆ ಒಂದೇ.

೧೯೯೭ರಲ್ಲಿ ಅವರ ಮಗಳು ಶಿಲ್ಪಶ್ರೀ ಅದೇ ಕಾಲೇಜಿನಲ್ಲಿ ಬಿ.ಎಸ್ಸಿ. ಪ್ರಾಕ್ಟಿಕಲ್ ಪರೀಕ್ಷೆಗೆ ಕೂತಳು. ಪ್ರತಿಯೊಬ್ಬರಿಗೂ ಒಂದು ನಂಬರಿನ ಶೀಶೆ, ಒಂದೇ ಶೀಶೆ ಇಬ್ಬರು ಮೂವರ ಪಾಲಿಗೂ ಬರುತ್ತಿತ್ತು. ಒಳಗಿರುವ ಬಿಳಿ ಪುಡಿ ಯಾವ ಲವಣ ಎಂದು ಕಂಡುಹಿಡಿಯಬೇಕು. ಅದರಲ್ಲಿ ಕೆಟ್ಟರೆ ಒಂದು ವರ್ಷ ಕೆಟ್ಟಂತೆ. ಯಾವ ಶೀಶೆಯಲ್ಲಿ ಏನಿದೆ ಎಂದು ಅಟೆಂಡರನ್ನು ಗುಟ್ಟಾಗಿ ಕೇಳುವುದು ಆ ಕಾಲೇಜಿನ ಹಳೆಯ ಸಂಪ್ರದಾಯ. ಮಗಳು ಕೇಳಲಿಲ್ಲ, ಅಪ್ಪ ಹೇಳಲಿಲ್ಲ. ಮಗಳ ಪರೀಕ್ಷೆಯ ದಿನ ಅವರು ಕಾರಣ ಬರೆದುಕೊಟ್ಟೇ ರಜೆ ಹಾಕಿದರು. ಆದರೆ ಹಿಂದಿನ ದಿನ ಮೇಷ್ಟ್ರ ಪಟ್ಟಿಯಂತೆ ಶೀಶೆಗಳನ್ನು ತುಂಬಿದವರು ಅವರೇ. ಆ ಕೆಲಸ ಬೇರೆ ಯಾರಿಗೂ ಬರುತ್ತಿರಲಿಲ್ಲ.

ತುಂಬುವುದೂ ಒಂದು ಕ್ರಮ. ಆಮ್ಲದ ಹೊಗೆಗೆ ಜಾಡಿಯ ಮೇಲಿನ ಚೀಟಿ ಎರಡು ವರ್ಷ ಬಾಳುವುದಿಲ್ಲ. ಹಳೇ ಅಂಗಡಿಯವನು ಕತ್ತಲಲ್ಲೂ ಸಾಸಿವೆ ಡಬ್ಬಕ್ಕೆ ಕೈ ಹಾಕುವಂತೆ ಸಿದ್ದಮಲ್ಲಪ್ಪ ಜಾಗ ನೋಡಿ ಜಾಡಿ ಗುರುತಿಸುತ್ತಿದ್ದರು: ಮೂರನೇ ಹಲಗೆ, ಎಡದಿಂದ ಐದನೆಯದು ಜಿಂಕ್ ಸಲ್ಫೇಟ್. ಆ ಮಾರ್ಚಿನಲ್ಲಿ ಗೋಡೆಗೆ ಸುಣ್ಣ ಹೊಡೆಯಲು ಬಂದವರು ಜಾಡಿಗಳನ್ನು ಕೆಳಗಿಳಿಸಿ ಮತ್ತೆ ಏರಿಸಿದ್ದರು. ಅದು ಅವರಿಗೆ ಹೊಳೆಯಲಿಲ್ಲ.

ಪರೀಕ್ಷೆ ಮುಗಿಸಿ ಬಂದ ಶಿಲ್ಪಶ್ರೀ ಚಪ್ಪಲಿ ಬಿಡದೆ ಜಗಲಿಯ ಮೇಲೆ ಕೂತಳು.

"ಹದಿನಾಲ್ಕು ಬಂತಪ್ಪ. ಮೆಗ್ನೀಸಿಯಂ ಅಂತ ಬರ್ದೆ. ಎಕ್ಸಾಮಿನರ್ ಪಟ್ಟಿ ನೋಡಿ ತಲೆ ಅಲ್ಲಾಡಿಸ್ಬುಟ್ರು. ಮೂರು ಸಲ ಮಾಡಿದೀನಿ, ಮೂರು ಸಲನೂ ಅದೇ."

ಹದಿನಾಲ್ಕು ಜಿಂಕ್ ಎಂದು ಅವರಿಗೆ ಬಾಯಿಪಾಠ. "ಸರಿಯಾಗಿ ನೋಡಿ ಮಾಡ್ಬೇಕಿತ್ತು ಕಣವ್ವ."

"ನೀವು ಸರಿಯಾಗಿ ನೋಡಿ ತುಂಬಿದ್ರಾ?"

ಅವಳು ಚುಚ್ಚಲೆಂದು ಕೇಳಿದ್ದಲ್ಲ. ಸುಸ್ತಾಗಿ ಕೇಳಿದ್ದು. ಹಾಗಾಗಿಯೇ ಅದು ಒಳಗೆ ಹೋಗಿ ಕೂತಿತು.

ಮರುದಿನ ಬೆಳಿಗ್ಗೆ ಎಂಟಕ್ಕೇ ಅವರು ಲ್ಯಾಬಿನ ಬಾಗಿಲು ತೆಗೆದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಇಪ್ಪತ್ತೇಳು ವರ್ಷ ಪರೀಕ್ಷೆ ಮಾಡುವವರನ್ನು ನೋಡಿದ್ದರು, ತಾವು ಮಾಡಿರಲಿಲ್ಲ. ಹದಿನಾಲ್ಕನೇ ಶೀಶೆಯ ಚಿಟಿಕೆ ಪುಡಿಯನ್ನು ನೀರಿಗೆ ಹಾಕಿ ಕಾಸ್ಟಿಕ್ ಸೋಡದ ಹನಿ ಬಿಟ್ಟರು. ಹಾಲು ಒಡೆದಂತೆ ಬೆಳ್ಳಗಾಯಿತು. ಇನ್ನಷ್ಟು ಸೋಡ ಬಿಟ್ಟಾಗ ಆ ಬಿಳುಪು ಕರಗಿದರೆ ಜಿಂಕ್: ಮಗಳದು ತಪ್ಪು, ಅಪ್ಪ ಸರಿ. ಕರಗದಿದ್ದರೆ ಮಗಳು ಸರಿ. ಯಾವುದಾಗಲಿ ಎಂದು ಬೇಡಿಕೊಳ್ಳಬೇಕೋ ಅವರಿಗೆ ತಿಳಿಯಲಿಲ್ಲ. ಬಿಡುತ್ತಲೇ ಹೋದರು. ಪ್ರನಾಳ ಕಂಠದವರೆಗೆ ತುಂಬಿತು. ಬಿಳುಪು ಅಲ್ಲಾಡಲಿಲ್ಲ.

ರುದ್ರಸ್ವಾಮಿಗಳು ಬಂದದ್ದು ಒಂಬತ್ತೂವರೆಗೆ. ವಿಷಯ ಕೇಳಿ ಬಾಗಿಲು ಮುಂದೆ ಮಾಡಿದರು.

"ಮೂರು ವರ್ಷ ಇದೆ ನಿಮ್ಮ ರಿಟೈರ್ಮೆಂಟಿಗೆ. ಸುಮ್ನಿರಿ. ಮಗಳಿಗೋಸ್ಕರ ಕತೆ ಕಟ್ದ ಅಂತಾರೆ. ಪಟ್ಟಿಗೆ ನನ್ನ ಸಹಿನೂ ಇದೆ."

"ಅನುಮಾನ ಬಂದ್ರೆ ಇನ್ನೊಂದ್ಸಲ ಪರೀಕ್ಷೆ ಮಾಡಿ ಖಾತ್ರಿ ಮಾಡ್ಕೊಳಿ ಅಂತ ನೀವೇ ಅಲ್ವಾ ಸಾರ್ ಹೇಳೋದು."

"ಅದು ಲವಣಕ್ಕೆ ಕಣ್ರೀ."

ಜಡ ಅನಿಲಗಳ ಪಾಠವನ್ನೂ ಮೇಷ್ಟ್ರು ಸೊಗಸಾಗಿ ಮಾಡುತ್ತಿದ್ದರು: ಯಾರ ಜೊತೆಗೂ ಸೇರವು, ಯಾವುದಕ್ಕೂ ಕದಲವು, ಅದಕ್ಕೇ ಅವು ಘನವಂತ ಅನಿಲಗಳು. ಈಗ ಆ ಘನತೆಯಲ್ಲೇ ಹಾಜರಿ ಪುಸ್ತಕ ಬಿಡಿಸಿ ಕೂತರು.

ಹಾಸನದಿಂದ ಬಂದಿದ್ದ ಪರೀಕ್ಷಕ ಸುಂದರೇಶ ಪಕ್ಕದ ಕೋಣೆಯಲ್ಲಿ ಅಂಕದ ಹಾಳೆಗಳನ್ನು ಲಕೋಟೆಗೆ ಸೇರಿಸುತ್ತಿದ್ದರು. ಸಿದ್ದಮಲ್ಲಪ್ಪ ಪ್ರನಾಳ ಹಿಡಿದುಕೊಂಡೇ ಹೋದರು. ಆತ ಕನ್ನಡಕದ ಮೇಲಿಂದ ನೋಡಿದರು.

"ನೀವು ಆ ಹುಡುಗಿ ತಂದೆ ಅಲ್ವಾ?"

"ಹೌದು ಸಾರ್. ಅದಕ್ಕೇ ನನ್ನ ಮಾತು ನಂಬ್ಬೇಡಿ. ಶೀಶೇಲಿ ಇನ್ನೂ ಒಂದು ಚಮಚ ಐತೆ."

ಸುಂದರೇಶ ತಾವೇ ಮಾಡಿ ನೋಡಿದರು. ಮೆಗ್ನೀಸಿಯಂ. ಹದಿನಾಲ್ಕು ಬಂದದ್ದು ಮೂವರಿಗೆ. ಇಬ್ಬರು ಮೆಗ್ನೀಸಿಯಂ ಎಂದು ಬರೆದು ಅಂಕ ಕಳೆದುಕೊಂಡಿದ್ದರು. ಮೂರನೆಯವನು ಜಿಂಕ್ ಎಂದು ಬರೆದು ಪೂರ್ತಿ ಅಂಕ ಪಡೆದಿದ್ದ. ಅವನು ಪುಡಿಯನ್ನು ಮುಟ್ಟಿಯೇ ಇರಲಿಲ್ಲ, ಆ ದಿನ ಬದಲಿಗೆ ಬಂದಿದ್ದ ಅಟೆಂಡರ್ ಸಣ್ಣಯ್ಯನನ್ನು ಕೇಳಿದ್ದ, ಸಣ್ಣಯ್ಯ ಪಟ್ಟಿಯನ್ನು ಇಣುಕಿದ್ದ. ಸುಂದರೇಶ ನಗಲೂ ಇಲ್ಲ, ಬೈಯಲೂ ಇಲ್ಲ. ಮೂರೂ ಹಾಳೆ ತಿದ್ದಿ ಸಹಿ ಹಾಕಿದರು.

ವಾರದೊಳಗೆ ಮೆಮೊ ಬಂತು. ಪರೀಕ್ಷಾ ಕೆಲಸದಲ್ಲಿ ಬೇಜವಾಬ್ದಾರಿ ಎಂದು ಸಿದ್ದಮಲ್ಲಪ್ಪನವರನ್ನು ಲ್ಯಾಬಿನಿಂದ ಎತ್ತಿ ಆಫೀಸಿಗೆ, ಟಪಾಲು ಹಂಚಲು ಹಾಕಿದರು. ಸಣ್ಣಯ್ಯ ಮಾತು ಬಿಟ್ಟ. "ಅಪ್ಪ ಲ್ಯಾಬಲ್ಲಿದ್ರೆ ಪಾಸಾಗೋಕೇನು," ಎಂದು ಬೀದಿಯ ನಲ್ಲಿ ಹತ್ತಿರ ಮಾತಾಯಿತು. ಜಗಳಕ್ಕೆ ಹೊರಟ ದಾಕ್ಷಾಯಣಮ್ಮನನ್ನು ಅವರು ತಡೆದರು. "ಬುಡು. ನಂಗೆ ಸಾಕಾಗೈತೆ."

ಮೆಮೊಗೆ ಉತ್ತರ ಬರೆದುಕೊಟ್ಟವಳು ಶಿಲ್ಪಶ್ರೀ. ತಪ್ಪು ನನ್ನದೇ ಎಂಬಲ್ಲಿಗೆ ಬಂದು ಪೆನ್ನು ನಿಲ್ಲಿಸಿದಳು.

"ಅಪ್ಪ, ಹದಿನಾಲ್ಕು ನಂಗಲ್ದೆ ಬೇರೆಯೋರಿಗೆ ಬಂದಿದ್ರೆ ಹೋಗಿ ಹೇಳ್ತಿದ್ರಾ?"

ಅವರು ಗೋಡೆಗೆ ಒರಗಿದರು.

"ಗೊತ್ತೇ ಆಗ್ತಿರ್ಲಿಲ್ವಲ್ಲವ್ವ. ಜಾಗ ನೋಡೇ ತುಂಬ್ಕೊಂಡು ಬಂದೋನು ನಾನು. ಇಷ್ಟು ವರ್ಷದಲ್ಲಿ ಯಾರ್ಯಾರ ಮಕ್ಕಳು ಅಳ್ತಾ ಮನೆಗೆ ಹೋದ್ರೋ."

ಮಗಳು ಹಾಳೆಯನ್ನು ಅವರ ಕಡೆ ತಿರುಗಿಸಿದಳು. ಅವರು ನಿಧಾನವಾಗಿ, ಒಂದೊಂದೇ ಅಕ್ಷರವಾಗಿ ಸಹಿ ಮಾಡಿದರು.