ಅಕ್ರೋಟು ಮರದ ನೆರಳು ಓದುವ ತ್ಸೊಂಕಾ

ಬೆಳಗಿನ ಐದೂವರೆ. ಲೋವೆಚ್ ಊರಿನ ಹಳೇಪೇಟೆಯಲ್ಲಿ ಬ್ರೆಡ್ಡಿನಂಗಡಿ ಇನ್ನೂ ಬಾಗಿಲು ತೆರೆದಿಲ್ಲ. ರದೋಸ್ತಿನಾ ಅವರ ಹಿತ್ತಲಿನಲ್ಲಿ ತ್ಸೊಂಕಾ ಬಕೆಟ್ಟು ಬೋರಲು ಹಾಕಿಕೊಂಡು ಕೂತಿದ್ದಾರೆ. ಕೈಯಲ್ಲಿ ಗುದ್ದಲಿಯೂ ಇಲ್ಲ, ಸಸಿಯೂ ಇಲ್ಲ. ಮಡಿಲಲ್ಲಿ ಒಂದು ಡಬ್ಬಿ ಸುಣ್ಣದ ಪುಡಿ ಅಷ್ಟೇ. ಬಿಸಿಲು ಬಂದ ಮೇಲೆ ಗಂಟೆಗೊಮ್ಮೆ ಎದ್ದು, ಅಕ್ರೋಟು ಮರದ ನೆರಳಿನ ಅಂಚಿಗೆ ಬಿಳಿ ಗೆರೆ ಎಳೆದು ಬಂದು ಮತ್ತೆ ಕೂರುತ್ತಾರೆ.

"ದಿನವೆಲ್ಲ ಹೀಗೇ ಕೂತಿರ್ತೀಯಾ? ಕೂರೋದಕ್ಕೂ ಕೂಲಿ ಕೊಡ್ಬೇಕೇನಮ್ಮಾ?" ಅಡುಗೆಮನೆಯಿಂದ ರದೋಸ್ತಿನಾ ಕಿಚಾಯಿಸುತ್ತಾರೆ.

"ಇವತ್ತಿನ ಕೂಲಿ ಬೇಡ ಅಕ್ಕಾ. ನೆರಳು ಎಲ್ಲಿ ಕೂರುತ್ತೆ ಅಂತ ನೋಡ್ದೆ ಗಿಡ ಕೂರಿಸಿದ್ರೆ, ಸಾಯೋತನಕ ನೀನು ನೀರು ಹೊರ್ತಾ ಇರ್ಬೇಕಾಗುತ್ತೆ."

ರದೋಸ್ತಿನಾ ಅಂಚೆ ಹಂಚಿ ಹಂಚಿ ಮಂಡಿ ಸವೆಸಿಕೊಂಡವರು. ಪಿಂಚಣಿ ಚಿಕ್ಕದು. ನೀರು ಹಾಯಿಸುವ, ಹುಲ್ಲು ಕತ್ತರಿಸುವ ಕೆಲಸ ಇರಬಾರದು, ಭಾನುವಾರ ಮಗನ ಸಂಸಾರ ಬಂದಾಗ ಮರದ ಕೆಳಗೆ ಊಟದ ಮೇಜು ಹಾಕಬೇಕು: ಅವರಿಗೆ ಬೇಕಾದದ್ದು ಇಷ್ಟೇ. ಆದರೆ ಅಕ್ರೋಟಿನ ಬುಡದಲ್ಲಿ ಹಾಕಿದ ಗಿಡವೆಲ್ಲ ಕರಗಿಹೋಗುತ್ತದೆ. ಮೂವರು ಮಾಲಿಗಳು ಕೈಚೆಲ್ಲಿ ಹೋದ ಮೇಲೆ ತ್ಸೊಂಕಾಗೆ ಹೇಳಿಕಳಿಸಿದ್ದಾರೆ.

ತ್ಸೊಂಕಾಗೆ ಹೇಳಿಕಳಿಸುವುದು ಯಾವಾಗಲೂ ಕೊನೆಗೇ. ಅರವತ್ತೊಂದರ ಈ ಹೆಂಗಸು ಹತ್ತೊಂಬತ್ತು ವರ್ಷ ಸ್ಮಶಾನದಲ್ಲಿ ಮಾಲಿಯಾಗಿದ್ದವರು. ಅವರ ಕೈಯಿಂದ ನೇರವಾಗಿ ಸಸಿ ಇಸಿದುಕೊಳ್ಳಲು ಈಗಲೂ ಕೆಲವರು ಹಿಂಜರಿಯುತ್ತಾರೆ. ನೆಲದ ಮೇಲಿಡಿ ಅನ್ನುತ್ತಾರೆ. ಒಬ್ಬಾಕೆಯಂತೂ "ಯಾರ ಸಮಾಧಿಯಿಂದ ಕಿತ್ತು ತಂದೆ?" ಎಂದು ಬೀದಿಯಲ್ಲೇ ಕೇಳಿದ್ದಳು.

"ಒಂದು ಕಡ್ಡೀನೂ ತಂದಿಲ್ಲ. ತಂದಿದ್ದು ಬರೀ ಬುದ್ಧಿ," ಅನ್ನುತ್ತಾರೆ ತ್ಸೊಂಕಾ. "ಸತ್ತವರು ಎದ್ದು ನೀರು ಹಾಕಲ್ಲ ನೋಡಿ. ಅಲ್ಲಿ ತಾನಾಗಿ ಬದುಕೋ ಗಿಡ ಎಲ್ಲಾದ್ರೂ ಬದುಕುತ್ತೆ."

ಸ್ಮಶಾನದ ಕೆಲಸ ಬಿಟ್ಟ ಮೇಲಿನ ಆರು ವರ್ಷಗಳಲ್ಲಿ ಮೂವತ್ತೊಂದು ಹಿತ್ತಲು. ದಿನಕ್ಕೆ ನಲವತ್ತು ಬಕೆಟ್ಟು ಎಲೆಗೊಬ್ಬರ ಹೊರುತ್ತಾರೆ. ದಾರಿಗೆ ಒಡೆದ ಹೆಂಚು, ಅಂಚಿಗೆ ಒಸಮ್ ಹೊಳೆಯ ಕಲ್ಲು. ನೆಲ ಮುಚ್ಚಲು ಜ್ದ್ರಾವೆತ್ಸ್: ಊರಿನವರು ಆರೋಗ್ಯಕ್ಕೆಂದು ಮುಡಿಗೆ ಸಿಕ್ಕಿಸಿಕೊಳ್ಳುವ ಗಿಡ. ಅಕ್ರೋಟಿನ ಬೇರಿನ ವಿಷಕ್ಕೂ ಅದು ಜಗ್ಗುವುದಿಲ್ಲ, ಕಡ್ಡಿ ಮುರಿದು ನೆಟ್ಟರೆ ಸಾಕು.

ಎರಡನೆಯ ಬೆಳಿಗ್ಗೆ ತ್ಸೊಂಕಾ ಸುಣ್ಣದ ಡಬ್ಬಿ ತೆರೆಯುವುದಿಲ್ಲ. ಹುಲ್ಲಿನ ತುಂಬ ಇಬ್ಬನಿ ಬಿದ್ದಿದೆ. ನಡುವೆ ಗಾಡಿಚಕ್ರದಷ್ಟು ಅಗಲದ ಜಾಗ ಮಾತ್ರ ಒಣಗಿದೆ. ರದೋಸ್ತಿನಾರ ಬೆಕ್ಕು ನೇರ ಬಂದದ್ದು ಅಲ್ಲಿ ಸುತ್ತಿಬಳಸಿ ಹೋಗುತ್ತದೆ.

"ಮೇಜು ಹಾಕೋಣ ಅಂದಿದ್ದು ಇಲ್ಲೇ ಅಲ್ವಾ?" ತ್ಸೊಂಕಾ ಕೇಳುತ್ತಾರೆ.

"ಹೂಂ, ನೆರಳು ಚೆನ್ನಾಗಿದೆಯಲ್ಲ." ರದೋಸ್ತಿನಾ ಹಿತ್ತಲಿಗಿಳಿದು ಬರುತ್ತಾರೆ. "ನಮ್ಮೆಜಮಾನ್ರು ಇದ್ದಷ್ಟು ದಿನ ಆ ಜಾಗ ತುಳಿದವರಲ್ಲ. ಯಾಕೆ ಅಂತ ಕೇಳಿದ್ರೆ, ಬಿಡೇ ಅನ್ನೋರು."

ತ್ಸೊಂಕಾ ಕಬ್ಬಿಣದ ಸಲಾಕೆ ಊರುತ್ತಾರೆ. ಅದು ತಡೆಯಿಲ್ಲದೆ ಹಿಡಿಯವರೆಗೂ ಇಳಿಯುತ್ತದೆ. ಎಳೆದು ತೆಗೆದಾಗ ತೂತಿನಿಂದ ಬೆಚ್ಚನೆಯ ಗಾಳಿ ಮಣಿಕಟ್ಟಿಗೆ ತಗಲುತ್ತದೆ, ಯಾರೋ ಉಸಿರು ಬಿಟ್ಟಂತೆ.

"ಅಕ್ಕಾ, ಅಲ್ಲೇ ನಿಲ್ಲು. ಒಂದು ಹೆಜ್ಜೆನೂ ಮುಂದಿಡ್ಬೇಡ."

ಹಗ್ಗ ಸೊಂಟಕ್ಕೆ, ಇನ್ನೊಂದು ತುದಿ ಮರಕ್ಕೆ. ಮೊಣಕೈ ಆಳ ಮಣ್ಣು ತೆಗೆದರೆ ಓಕ್ ಹಲಗೆಗಳು, ಮುಟ್ಟಿದರೆ ಪುಡಿ. ಅವುಗಳ ಕೆಳಗೆ ಬಾವಿ, ನಾಲ್ಕಾಳು ಆಳದಲ್ಲಿ ಕಪ್ಪು ನೀರು. ಐದು ಜನ ಕೂತ ಮೇಜನ್ನು ಆ ಹಲಗೆಗಳು ಒಂದೂಟದ ಹೊತ್ತೂ ತಾಳುತ್ತಿರಲಿಲ್ಲ. ರದೋಸ್ತಿನಾ ಎದೆಯ ಮೇಲೆ ಶಿಲುಬೆ ಗುರುತು ಮಾಡಿ, ನಿಂತಲ್ಲೇ ಕೂತು ಅಳುತ್ತಾರೆ.

ತ್ಸೊಂಕಾ ಬಾವಿಯೊಳಗೆ ಟಾರ್ಚಿನ ಬೆಳಕು ಬಿಡುತ್ತಾರೆ. ಒಳಗೋಡೆಯ ತುಂಬ ಜರೀಗಿಡ, ಹಚ್ಚಹಸಿರು. ಎಷ್ಟೋ ವರ್ಷ ಒಂದು ಎಳೆ ಬೆಳಕೂ ಇಳಿಯದ ಜಾಗ. ಅದಕ್ಕಿಂತ ವಿಚಿತ್ರವಾದದ್ದು ಅವರ ಕಣ್ಣಿಗೆ ಆಮೇಲೆ ಬೀಳುತ್ತದೆ: ಎಲೆಗಳೆಲ್ಲ ಕೆಳಮುಖವಾಗಿ ಬೆಳೆದಿವೆ. ಬಿಸಿಲಿಗೆ ಕತ್ತು ಚಾಚುವ ಗಿಡಗಳ ಹಾಗೆಯೇ, ಒಂದೂ ಬಿಡದೆ, ನೀರಿನ ಕಡೆಗೆ.

"ನೆರಳಿನ ಗಿಡ ಪುಕ್ಕಟೆ ಸಿಕ್ತಲ್ಲೇ," ಕಣ್ಣೊರೆಸಿಕೊಂಡು ರದೋಸ್ತಿನಾ ಅನ್ನುತ್ತಾರೆ. "ಕಿತ್ಕೊಂಡು ಇಲ್ಲೇ ನೆಟ್ಬಿಡು, ಖರ್ಚೂ ಉಳಿಯುತ್ತೆ."

"ಬೇಡ ಅಕ್ಕಾ. ಗಿಡ ಬೆಳಕಿನ ಕಡೆ ತಿರುಗುತ್ತೆ. ಇವಕ್ಕೆ ಬೆಳಕು ಎಲ್ಲಿಂದ ಬರ್ತಿದೆಯೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ ಗಿಡ ನಾನು ಮನೆಯಂಗಳಕ್ಕೆ ತರಲ್ಲ."

ಮಗ ಬಂದು ಬಾವಿಗೆ ಕಬ್ಬಿಣದ ಸರಳು ಹಾಕಿಸಿ, ಮೇಲೆ ಚಪ್ಪಡಿ ಎಳೆಸಿದ. ಮೇಜು ಗೋಡೆಯ ಬದಿಗೆ ಹೋಯಿತು. ಉಳಿದ ನೆಲಕ್ಕೆಲ್ಲ ಜ್ದ್ರಾವೆತ್ಸ್.

ಈಗ ಎರಡು ವರ್ಷ. ರದೋಸ್ತಿನಾ ಒಂದು ಚೊಂಬು ನೀರು ಹಾಕಿಲ್ಲ. ಭಾನುವಾರ ಮೊಮ್ಮಕ್ಕಳು ಬಾನಿತ್ಸಾ ಎಂಬ ಚೀಸ್ ರೊಟ್ಟಿಯ ಕೊನೇ ತುಂಡಿಗೆ ಕಿತ್ತಾಡುತ್ತಾರೆ. ವರ್ಷಕ್ಕೆರಡು ಬಾರಿ ಬೆಳಗಿನ ಜಾವ ಬರುವ ತ್ಸೊಂಕಾ ಮಾತ್ರ ಮೊದಲು ಚಪ್ಪಡಿಯ ಬಳಿ ಮಂಡಿಯೂರುತ್ತಾರೆ. ಅಲ್ಲಿನ ಜ್ದ್ರಾವೆತ್ಸ್‌ನ ಹೊಸ ಚಿಗುರು ಬಿಸಿಲು ಬರುವ ಪೂರ್ವಕ್ಕೆ ಬೆನ್ನು ಹಾಕಿ ಕಲ್ಲಿನ ಕಡೆ ವಾಲಿರುತ್ತದೆ. ಅಷ್ಟನ್ನು ಚಿವುಟಿ ಜೇಬಿಗಿಳಿಸುತ್ತಾರೆ. ರದೋಸ್ತಿನಾಗೆ ಹೇಳುವುದಿಲ್ಲ. "ಅವರು ನಿಶ್ಚಿಂತೆಯಿಂದ ಕಾಫಿ ಕುಡೀಲಿ. ನೋಡ್ಕೊಳೋಕೆ ನಾನಿದ್ದೀನಲ್ಲ."

ತ್ಸೊಂಕಾ ಇರುವುದು ಐದನೇ ಮಹಡಿಯ ಒಂದು ಕೋಣೆಯಲ್ಲಿ. ಇರುವ ಒಂದೇ ಕಿಟಕಿಯ ದಕ್ಷಿಣದ ಬಿಸಿಲಿಗೆ ಕುಂಡದ ಗಿಡ ವಾರದಲ್ಲಿ ಸುಟ್ಟುಹೋಗುತ್ತದೆ. ಏನಾದರೂ ಆಸೆಯಿದೆಯೇ ಅಂದರೆ ನಗುತ್ತಾರೆ.

"ಉತ್ತರಕ್ಕೆ ಒಂದು ಕಿಟಕಿ ಸಿಕ್ಕಿದ್ರೆ ಸಾಕಿತ್ತು. ಊರಿಗೆಲ್ಲ ನೆರಳು ಮಾಡಿಕೊಟ್ಟೆ, ನಂದೂ ಅಂತ ಒಂದು ಗಿಡ ತಣ್ಣಗಿರ್ಲಿ."