ಎರಡನೇ ಪಂಜರದ ಹಸಿರು ಬೆನ್ನು

ಎಪ್ಪತ್ತರ ದಶಕದಲ್ಲಿ, ಚಿತ್ರದುರ್ಗದ ಒಂದು ಕಾಲೇಜಿನ ಹಿಂದಿನ ಕೋಣೆಯಲ್ಲಿ, ನಾನು ಬಿಳಿ ಇಲಿಗಳ ಬೆನ್ನು ಬೋಳಿಸುತ್ತಿದ್ದೆ. ಅಲ್ಲ, ಬೋಳಿಸುತ್ತಿದ್ದವನು ಅಟೆಂಡರ್. ಹಿರಿಯೂರು ಕಡೆಯ ಕುರಿ ಸಾಕುವ ಮನೆಯವನು, ನನಗಿಂತ ಹಿರಿಯ. ಅವನ ಕತ್ತರಿಗೆ ಇಲಿ ತೆಪ್ಪಗೆ ಕೂರುತ್ತಿತ್ತು, ನನ್ನದಕ್ಕೆ ಕಚ್ಚುತ್ತಿತ್ತು. ನೆನಪು ಎಷ್ಟು ಸಲೀಸಾಗಿ ಇನ್ನೊಬ್ಬರ ಕೆಲಸವನ್ನು ತನ್ನದೆಂದುಬಿಡುತ್ತದೆ!

ಬೋಳು ಬೆನ್ನಿಗೆ ಚರ್ಮದ ಕ್ಯಾನ್ಸರ್ ಬರಿಸುವ ರಾಸಾಯನಿಕ ಹಚ್ಚುತ್ತಿದ್ದೆವು. ಮೊದಲ ಪಂಜರದವಕ್ಕೆ ಅದರ ಜೊತೆ ಸ್ಪಿರಿಟ್‌ನಲ್ಲಿ ನೆನೆಸಿದ ತಂಗಡಿ ಸೊಪ್ಪಿನ ರಸ. ಎರಡನೆಯದಕ್ಕೆ ಅದಿಲ್ಲ. ಅಲ್ಲಿ ಮಾತ್ರ ಗಂಟು ಎದ್ದರೆ ತಂಗಡಿ ಕ್ಯಾನ್ಸರ್ ತಡೆಯುತ್ತದೆಂದು ಅರ್ಥ, ನನಗೆ ಡಾಕ್ಟರೇಟ್ ಎಂದೂ ಅರ್ಥ. ತಿಂಗಳುಗಳು ಕಳೆದವು. ಎರಡರಲ್ಲೂ ಗಂಟಿಲ್ಲ.

ನನ್ನ ಗೈಡ್ ಚಿಕ್ಕಜಾಜೂರಿನಲ್ಲಿ ರೈಲಿಳಿದು ಬರುವ ದಿನ ಬೆಳಿಗ್ಗೆ ಎರಡನೇ ಪಂಜರಕ್ಕೆ ಬಗ್ಗಿದೆ. ಬೆನ್ನುಗಳೆಲ್ಲ ಹಸಿರು.

"ಏನಣ್ಣಾ ಇದು? ಇವಕ್ಕೂ ಹಚ್ಚಿದೀಯಾ?"

"ಮೊದ್ಲಿಂದ್ಲೂ ಹಚ್ತೀನಲ್ರೀ. ಅರ್ಧ ಮಂದೆಗೆ ಔಷಧಿ ಹಾಕಿ ಅರ್ಧ ಬಿಡ್ತಾರೇನ್ರಿ? ನೀವು ಓದಿದೋರು, ಮರ್ತಿರ್ತೀರಿ ಅಂದ್ಕಂಡೆ. ನಿಮಗೆ ನಾಚ್ಕೆ ಆಗ್ಬಾರ್ದು ಅಂತ ಒಣಗಿದ ಮ್ಯಾಲೆ ಒರೆಸ್ತಿದ್ದೆ. ಇವತ್ತು ಪುರಸೊತ್ತಾಗ್ಲಿಲ್ಲ."

ಗೈಡ್ ಬಂದರು. ರಾಸಾಯನಿಕವೇ ಸತ್ವ ಕಳೆದುಕೊಂಡಿರಬೇಕೆಂದು ಮುಖ ಸಪ್ಪೆ ಮಾಡಿ ಸುಳ್ಳು ಹೇಳಿದೆ. ಚಹಾ ತಂದಿದ್ದ ಅಟೆಂಡರ್ ಲೋಟ ಕೆಳಗಿಟ್ಟ.

"ಇಲ್ರೀ ಸಾಹೇಬ್ರೆ, ಎಲ್ಲಕ್ಕೂ ತಂಗಡಿ ಹಚ್ಚಿದ್ದು ನಾನೇ. ನೋಡ್ರಿ, ಒಂದಕ್ಕಾದ್ರೂ ಗಂಟು ಐತಾ?"

ಗೈಡ್ ಕನ್ನಡಕ ತೆಗೆದು ಒರೆಸಿಕೊಂಡರು. "ಔಷಧಿ ಕೆಲ್ಸ ಮಾಡ್ತು ಅಂತ ನಿಂಗೆ ಗೊತ್ತಾಯ್ತು ಬಿಡಪ್ಪ. ನಮಗೆ ಗೊತ್ತಾಗೋಕೆ ಇನ್ನೊಂದು ವರ್ಷ ಬೇಕು."

ಹೊಸ ಇಲಿಗಳು ಬಂದವು. ಈ ಸಲ ಎರಡನೇ ಪಂಜರದವಕ್ಕೆ ಬರೀ ಸ್ಪಿರಿಟ್ ಹಚ್ಚಬೇಕೆಂದು ಗೈಡ್ ಅಪ್ಪಣೆ. ಅಟೆಂಡರ್ ಬಾಟಲಿಯ ಮುಚ್ಚಳ ತೆಗೆದು ಮೂಸಿದ.

"ಇದ್ರಾಗೆ ಸೊಪ್ಪಿನ ವಾಸ್ನೇನೇ ಇಲ್ಲಲ್ರೀ?"

"ಐತಣ್ಣ. ಚೆನ್ನಾಗಿ ಸೋಸೀನಿ."

ಅವನು ಬಾಟಲಿಗೆ ಮುಚ್ಚಳ ಹಾಕಿ, ಬ್ರಷ್ ನನ್ನ ಕೈಗಿಟ್ಟ. "ಹಂಗಾರೆ ಆ ಪಂಜರಕ್ಕೆ ನೀವೇ ಹಚ್ರಿ."

ಹಚ್ಚಿದೆ. ಎರಡನೇ ಪಂಜರದಲ್ಲಿ ಗಂಟುಗಳೆದ್ದವು, ಡಾಕ್ಟರೇಟೂ ಬಂತು. ಮೇಲಿನ ಮಾತುಗಳಲ್ಲಿ ಎಷ್ಟು ಅವನವು, ಎಷ್ಟು ನಾನು ಆಮೇಲೆ ಸೇರಿಸಿದವು ಎಂದು ಆಣೆ ಮಾಡಲಾರೆ. ಆ ವರ್ಷವೆಲ್ಲ ಎರಡನೇ ಪಂಜರದವು ನನ್ನನ್ನು ಕಚ್ಚಿದ್ದು ಮಾತ್ರ ನಿಜ. ಹೆಬ್ಬೆರಳಲ್ಲಿ ಗುರುತಿದೆ.